ಮಂಕಾದ ಅಲಾಯ್ ವೀಲ್‌ಗೆ ಮನೆಯಲ್ಲೇ ಹೊಳಪು: ಉಜ್ಜುವ ಮೊದಲು ಏನು ನೋಡಬೇಕು, ಆಮೇಲೆ ಏನು ಮಾಡಬೇಕು

ಮೊದಲೇ ಒಂದು ತಪ್ಪೊಪ್ಪಿಕೊಂಡುಬಿಡುತ್ತೇನೆ. ನಾನು ಮೊದಲ ಸಲ ಅಲಾಯ್ ವೀಲ್ ಚೊಕ್ಕ ಮಾಡಲು ಕೂತಾಗ ಕೈಗೆತ್ತಿಕೊಂಡಿದ್ದು 400 ಗ್ರಿಟ್ ಸ್ಯಾಂಡ್ ಪೇಪರ್ (ಗ್ರಿಟ್ ಅಂದರೆ ಪೇಪರಿನ ಒರಟುತನದ ಅಂಕಿ, ಅಂಕಿ ಏರಿದಷ್ಟೂ ಪೇಪರ್ ನುಣ್ಣಗೆ). ಸೆಕೆಂಡ್ ಹ್ಯಾಂಡ್ ಕಾರು, ವೀಲ್‌ಗಳು ಕಂದು ಬಣ್ಣಕ್ಕೆ ತಿರುಗಿ ಮಂಕಾಗಿದ್ದವು, ಶಾಂಪೂ ಹಾಕಿ ಉಜ್ಜಿದರೂ ಹೋಗಲಿಲ್ಲ, ಹಾಗಾದರೆ ಲೋಹವೇ ಹಾಳಾಗಿರಬೇಕು ಅಂತ ನಾನೇ ತೀರ್ಮಾನ ಮಾಡಿ ಅರ್ಧ ಗಂಟೆ ತಿಕ್ಕಿದೆ. ಕಂದು ಹೋಯಿತು. ಜೊತೆಗೆ ಮೇಲಿನ ಕ್ಲಿಯರ್ ಕೋಟ್ ಅನ್ನುವ ಪಾರದರ್ಶಕ ಪದರವೂ ಹೋಯಿತು, ಅದರಡಿಯ ಬೆಳ್ಳಿ ಬಣ್ಣವೂ ಹೋಯಿತು. ಉಳಿದ ಮೂರು ವೀಲ್‌ಗೆ ಮುಂದಿನ ವಾರ ಐರನ್ ರಿಮೂವರ್, ಅಂದರೆ ಅಂಟಿದ ಕಬ್ಬಿಣದ ಪುಡಿಯನ್ನು ಕರಗಿಸುವ ದ್ರವ, ಹೊಡೆದು ತೊಳೆದೆ. ಹೊಸದರಂತೆ ಬಂದವು! ನಾನು ಕೆಡಿಸಿದ ಒಂದಕ್ಕೆ ಬಣ್ಣ ಹೊಡೆಯಲು ಎರಡು ದಿನ ಹಿಡಿಯಿತು.

ಅದಕ್ಕೇ ಇಲ್ಲಿ ಉಜ್ಜುವ ಮಾತು ಸ್ವಲ್ಪ ತಡವಾಗಿ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ವೀಲ್‌ನ ಮೈಮೇಲೆ ಏನಿದೆ?

ಕಾರಿನ ಜೊತೆಗೇ ಬರುವ ಅಲಾಯ್ ವೀಲ್‌ಗಳಲ್ಲಿ ಹೆಚ್ಚಿನವು ಬರಿ ಲೋಹ ಅಲ್ಲ. ಅಲ್ಯೂಮಿನಿಯಂ ಮೇಲೆ ಪ್ರೈಮರ್ ಅಥವಾ ಪೌಡರ್ ಕೋಟ್, ಅದರ ಮೇಲೆ ಬಣ್ಣ, ಅದರ ಮೇಲೆ ಪಾರದರ್ಶಕ ಕ್ಲಿಯರ್ ಕೋಟ್ ಇರುತ್ತದೆ. ಇಂಥ ವೀಲನ್ನು ಕಾರಿನ ಬಾನೆಟ್ ತರಹ ನೋಡಿಕೊಳ್ಳಬೇಕು. ಇನ್ನು ಕೆಲವು ಪಾಲಿಶ್ ಮಾಡಿದ ಬರಿ ಅಲ್ಯೂಮಿನಿಯಂ, ಕನ್ನಡಿಯಂತೆ ಹೊಳೆಯುವಂಥವು, ಮೇಲೆ ಯಾವ ಲೇಪನವೂ ಇಲ್ಲ. ಮೂರನೆಯದು ಡೈಮಂಡ್ ಕಟ್: ಮುಖದ ಲೋಹವನ್ನು ಲೇತ್‌ನಲ್ಲಿ (ವೀಲನ್ನು ತಿರುಗಿಸುತ್ತಾ ಲೋಹ ಹೆರೆಯುವ ಯಂತ್ರದಲ್ಲಿ) ಕತ್ತರಿಸಿ ಮೇಲೆ ಕ್ಲಿಯರ್ ಕೋಟ್ ಹೊಡೆದಿರುತ್ತಾರೆ. ಬೆಳಕಿಗೆ ಓರೆಯಾಗಿ ಹಿಡಿದರೆ ಹಳೇ ಗ್ರಾಮಫೋನ್ ತಟ್ಟೆಯ ಗೆರೆಗಳಂತೆ ಸಣ್ಣ ಸುತ್ತುಗೆರೆಗಳು ಕಾಣುತ್ತವೆ. ಇವಲ್ಲದೆ ಕ್ರೋಮ್ ಉಂಟು, ಸಾದಾ ಸ್ಟೀಲ್ ವೀಲ್ ಉಂಟು.

ಪತ್ತೆ ಮಾಡುವುದು ಸುಲಭ. ವೀಲ್‌ನ ಯಾವುದಾದರೂ ಮೂಲೆಯನ್ನು, ಎದ್ದು ಕಾಣದ ಜಾಗವನ್ನು, ಚೆನ್ನಾಗಿ ತೊಳೆದು ಒರೆಸಿ. ಬಿಳಿ ಹತ್ತಿ ಬಟ್ಟೆಗೆ ಕಡಲೆ ಗಾತ್ರದಷ್ಟು ಮೆಟಲ್ ಪಾಲಿಶ್ ಹಚ್ಚಿ ಅಲ್ಲಿ ಅರ್ಧ ನಿಮಿಷ ಉಜ್ಜಿ. ಬಟ್ಟೆ ಕಪ್ಪಾಯಿತೇ? ನೀವು ಮುಟ್ಟುತ್ತಿರುವುದು ಬರಿ ಅಲ್ಯೂಮಿನಿಯಂ. ಬಟ್ಟೆ ಬಿಳಿಯಾಗೇ ಉಳಿದರೆ ಮೇಲೆ ಕ್ಲಿಯರ್ ಕೋಟ್ ಇದೆ, ಇಲ್ಲವೇ ಅದು ಕ್ರೋಮ್. ಮೊದಲು ತೊಳೆಯದಿದ್ದರೆ ಬ್ರೇಕ್ ಡಸ್ಟ್‌ನ ಕಪ್ಪನ್ನೇ ಲೋಹದ ಕಪ್ಪು ಅಂದುಕೊಂಡು ಮೋಸ ಹೋಗುತ್ತೀರಿ, ಅದೊಂದು ಜ್ಞಾಪಕ ಇರಲಿ.

ಅದು ಕೊಳಕೋ, ಆಕ್ಸಿಡೇಶನ್ನೋ?

ಬ್ರೇಕ್ ಒತ್ತಿದಾಗಲೆಲ್ಲ ಪ್ಯಾಡ್ ಮತ್ತು ಡಿಸ್ಕ್ ಎರಡೂ ಸವೆಯುತ್ತವೆ. ಡಿಸ್ಕ್ ಸಾಮಾನ್ಯವಾಗಿ ಎರಕದ ಕಬ್ಬಿಣ, ಹಾಗಾಗಿ ಬರುವ ಪುಡಿಯಲ್ಲಿ ಕಬ್ಬಿಣ ಜಾಸ್ತಿ. ಬಿಸಿಬಿಸಿ ಕಣಗಳು ಹಾರಿ ವೀಲ್‌ಗೆ ಅಂಟುತ್ತವೆ, ಆಮೇಲೆ ನೀರು ತಾಗಿ ಅಲ್ಲೇ ತುಕ್ಕು ಹಿಡಿಯುತ್ತವೆ. ನಾವು ನೋಡುವ ಕಂದು ಚುಕ್ಕೆ ಇದೇ, ಅಲ್ಯೂಮಿನಿಯಂ ಕಂದು ತುಕ್ಕು ಹಿಡಿಯುವುದೇ ಇಲ್ಲ. ಬ್ರೇಕಿನ ಹೆಚ್ಚಿನ ಹೊರೆ ಮುಂದಿನ ಚಕ್ರಗಳ ಮೇಲೆ ಬೀಳುವುದರಿಂದ ಮುಂದಿನ ಎರಡೇ ಜಾಸ್ತಿ ಕೊಳಕಾಗಿರುತ್ತವೆ.

ಅಲ್ಯೂಮಿನಿಯಂ ಕೆಟ್ಟರೆ ಬೂದು ಮಂಕು ಬರುತ್ತದೆ, ಇಲ್ಲವೇ ಸುಣ್ಣದ ಪುಡಿಯಂಥ ಬಿಳಿ. ಗಾಳಿಗೆ ಒಡ್ಡಿದ ಕೂಡಲೇ ಅಲ್ಯೂಮಿನಿಯಂ ಮೇಲೆ ತೆಳುವಾದ ಆಕ್ಸೈಡ್ ಪದರ ತಾನಾಗೇ ಕಟ್ಟುತ್ತದೆ, ಅದು ಒಳಗಿನ ಲೋಹವನ್ನು ಕಾಪಾಡುವ ಪದರ. ಉಪ್ಪು, ಆಮ್ಲ, ಕ್ಷಾರ ಆ ಪದರವನ್ನು ಮುರಿದಾಗ ತೊಂದರೆ ಶುರು. ಕ್ಲಿಯರ್ ಕೋಟ್ ಇರುವ ವೀಲ್‌ನಲ್ಲಿ ಎಲ್ಲೋ ಒಂದು ಕಲ್ಲೇಟು ಬಿದ್ದು ಪದರ ಒಡೆದರೆ ಸಾಕು, ಅಲ್ಲಿಂದ ನೀರು ನುಗ್ಗಿ ಕೋಟಿನ ಅಡಿಯಲ್ಲಿ ಬಿಳಿ ಹುಳು ಹರಿದಂತೆ ಗೆರೆಗಳು ಹಬ್ಬುತ್ತವೆ. ಇದನ್ನು ಮೇಲಿನಿಂದ ಎಷ್ಟು ತೊಳೆದರೂ ಉಜ್ಜಿದರೂ ಪ್ರಯೋಜನ ಇಲ್ಲ, ಕಾಯಿಲೆ ಇರುವುದು ಅಡಿಯಲ್ಲಿ.

ಅಂದರೆ ಕಂದು ಚುಕ್ಕೆಗೆ ಐರನ್ ರಿಮೂವರ್, ಬರಿ ಲೋಹದ ಮಂಕಿಗೆ ಪಾಲಿಶ್, ಕೋಟಿನಡಿಯ ಬಿಳಿ ಹುಳುಗೆರೆಗೆ ಬಣ್ಣ ತೆಗೆದು ಮತ್ತೆ ಬಣ್ಣ. ಯಾವುದೇ ಆಗಲಿ, ಮೊದಲು ತೊಳೆಯಲೇಬೇಕು.

ತೊಳೆಯುವುದು

ವೀಲ್ ತಣ್ಣಗಿರಬೇಕು, ನೆರಳಿರಬೇಕು. ಈಗಷ್ಟೇ ಓಡಿಸಿ ಬಂದ ಕಾರಾದರೆ ಒಂದು ಗಂಟೆ ಬಿಡಿ. ಬಿಸಿ ವೀಲ್ ಮೇಲೆ ಕ್ಲೀನರ್ ಆರಿ ಕಲೆ ಕೂರುತ್ತದೆ, ಬಿಸಿ ಡಿಸ್ಕ್‌ಗೆ ತಣ್ಣೀರು ಎರಚುವುದೂ ಒಳ್ಳೆಯದಲ್ಲ. ಒಂದು ವೀಲ್ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ನಾಲ್ಕಕ್ಕೂ ಒಟ್ಟಿಗೆ ಹೊಡೆದರೆ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಮೊದಲನೆಯದು ಒಣಗಿರುತ್ತದೆ.

ವೀಲ್‌ಗೆ ಬೇರೆಯೇ ಬಕೆಟ್, ಬೇರೆಯೇ ಬಟ್ಟೆ ಇಡಿ. ಆ ಬಟ್ಟೆಯಲ್ಲಿ ಕಬ್ಬಿಣದ ಕಣ ಸಿಕ್ಕಿಕೊಂಡಿರುತ್ತದೆ, ಅದರಲ್ಲೇ ಬಾಗಿಲು ಒರೆಸಿದರೆ ಬಣ್ಣದ ತುಂಬ ಗೀರು. ಮೊದಲು ಪೈಪಿನಿಂದ ಜೋರಾಗಿ ನೀರು ಬಿಟ್ಟು ಸಡಿಲ ಧೂಳು ಇಳಿಸಿ. ಒಣ ಬ್ರೇಕ್ ಡಸ್ಟನ್ನು ಗಾಳಿ ಪೈಪಿನಿಂದ ಊದಬೇಡಿ, ಅದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಕೆಲವು ಹಳೆಯ ಪ್ಯಾಡ್‌ಗಳಲ್ಲಿ ಕಲ್ನಾರೂ (ಆಸ್ಬೆಸ್ಟಾಸ್) ಇರುತ್ತಿತ್ತು. ಆಮೇಲೆ ಕಾರ್ ಶಾಂಪೂ ನೊರೆ, ಮೆದು ಕೂದಲಿನ ಬ್ರಷ್. ಸ್ಪೋಕ್‌ಗಳ ಸಂದಿಗೆ ಮತ್ತು ಒಳಗಿನ ಬ್ಯಾರಲ್‌ಗೆ (ವೀಲ್‌ನ ಒಳಸುತ್ತಿನ ಗೋಡೆಗೆ) ಉದ್ದ ಹಿಡಿಯ ಬ್ರಷ್ ಬೇಕು, ನಟ್‌ಗಳ ಗುಳಿಗೆ ಹಳೇ ಪೇಂಟ್ ಬ್ರಷ್ ಸಾಕು. ಒಳಗಡೆ ಸಣ್ಣ ಲೋಹದ ತುಂಡುಗಳು ಅಂಟಿರುತ್ತವೆ. ಅವು ಬ್ಯಾಲೆನ್ಸಿಂಗ್ ತೂಕಗಳು, ಕೊಳಕು ಅಂತ ಕಿತ್ತು ಹಾಕಬೇಡಿ. ಕಿತ್ತರೆ ವೇಗ ಏರಿದಾಗ ಸ್ಟಿಯರಿಂಗ್ ನಡುಗುತ್ತದೆ.

ತೊಳೆದ ಮೇಲೂ ಕಂದು ಚುಕ್ಕೆ ಉಳಿದಿದ್ದರೆ ಈಗ ಐರನ್ ರಿಮೂವರ್. ಇದರಲ್ಲಿ ಸಾಮಾನ್ಯವಾಗಿ ಥಯೋಗ್ಲೈಕೋಲೇಟ್ ಅನ್ನುವ ರಾಸಾಯನಿಕ ಇರುತ್ತದೆ, ಅದು ಕಬ್ಬಿಣದ ಜೊತೆ ಸೇರಿ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಹೊಡೆದ ಒಂದೆರಡು ನಿಮಿಷಕ್ಕೆ ವೀಲ್‌ನಿಂದ ನೇರಳೆ ಹನಿ ಸುರಿಯುವುದನ್ನು ನೋಡುವುದೇ ಒಂದು ಮಜಾ. ವಾಸನೆ ಮಾತ್ರ ಕೊಳೆತ ಮೊಟ್ಟೆಯದು, ಅದಕ್ಕೆ ಏನೂ ಮಾಡುವ ಹಾಗಿಲ್ಲ. ಪಿಹೆಚ್ ನ್ಯೂಟ್ರಲ್ (ಆಮ್ಲವೂ ಅಲ್ಲದ ಕ್ಷಾರವೂ ಅಲ್ಲದ) ಅಂತ ಬಾಟಲಿ ಮೇಲೆ ಬರೆದಿರುವುದನ್ನೇ ಆರಿಸಿ, ಗ್ಲೌಸ್ ಹಾಕಿ, ಗಾಳಿಯಾಡುವ ಕಡೆ ಕೆಲಸ ಮಾಡಿ. 3ರಿಂದ 5 ನಿಮಿಷ ಬಿಟ್ಟು, ಒಣಗುವ ಮೊದಲೇ ಬ್ರಷ್ ಆಡಿಸಿ ಧಾರಾಳ ನೀರಲ್ಲಿ ತೊಳೆಯಿರಿ. ವರ್ಷಗಟ್ಟಲೆ ಕೂತ ಕೊಳಕಾದರೆ ಎರಡು ಮೂರು ಸಲ ಬೇಕಾಗುತ್ತದೆ. ನೇರಳೆ ಬರುವುದು ನಿಂತರೆ ಕಬ್ಬಿಣ ಮುಗಿಯಿತು ಅಂತ ಅರ್ಥ.

ಡಾಂಬರಿನ ಕಪ್ಪು ಚುಕ್ಕೆಗೆ ಐರನ್ ರಿಮೂವರ್ ನಾಟುವುದಿಲ್ಲ. ಟಾರ್ ರಿಮೂವರ್ ಅಥವಾ ಬಟ್ಟೆಗೆ ಸ್ವಲ್ಪವೇ ಸೀಮೆಎಣ್ಣೆ ಹಾಕಿ ಒತ್ತಿ ಹಿಡಿದು ಒರೆಸಿ, ಟೈರಿಗೂ ಬ್ರೇಕಿಗೂ ತಾಗಿಸಬೇಡಿ, ಕೂಡಲೇ ಶಾಂಪೂ ಹಾಕಿ ತೊಳೆಯಿರಿ. ಇನ್ನೂ ಒರಟು ಅನ್ನಿಸಿದರೆ ಶಾಂಪೂ ನೀರು ಚಿಮುಕಿಸಿ ಕ್ಲೇ ಬಾರ್ (ಅಂಟಿದ ಕಣಗಳನ್ನು ಎಳೆದುಕೊಳ್ಳುವ ಮೆದು ಜೇಡಿಯಂಥ ಉಂಡೆ) ಆಡಿಸಬಹುದು.

ಅರ್ಧಕ್ಕಿಂತ ಹೆಚ್ಚು ಜನರ ಕೆಲಸ ಇಲ್ಲಿಗೇ ಮುಗಿಯುತ್ತದೆ ಅಂತ ನನ್ನ ಅನಿಸಿಕೆ. ವೀಲ್ ಒರೆಸಿ, ಹೊಳೆಯುತ್ತಿದೆಯಾ, ಹಾಗಿದ್ದರೆ ಸ್ಯಾಂಡ್ ಪೇಪರ್ ಮುಟ್ಟಬೇಡಿ, ನೇರ ಕೊನೆಯ ಭಾಗಕ್ಕೆ ಹೋಗಿ ಸೀಲೆಂಟ್, ಅಂದರೆ ಮೇಲ್ಮೈ ಕಾಪಾಡುವ ಲೇಪ, ಹಚ್ಚಿ.

ಮನೆಯಲ್ಲಿರುವ ಆಸಿಡ್ ಬೇಡ

ಟಾಯ್ಲೆಟ್ ತೊಳೆಯುವ ಆಸಿಡ್ ಹಾಕಿದರೆ ಥಟ್ಟನೆ ಬಿಳಿಯಾಗುತ್ತದೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಆಗುತ್ತದೆ ಕೂಡ. ಆದರೆ ಹೈಡ್ರೋಕ್ಲೋರಿಕ್ ಆಸಿಡ್ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ, ಸ್ವಲ್ಪ ದಿನಕ್ಕೆ ಮೈತುಂಬ ಸಣ್ಣ ಗುಳಿ, ಗುಳಿಯಲ್ಲಿ ಮತ್ತೆ ಬಿಳಿ ಪುಡಿ. ಡ್ರೈನ್ ಕ್ಲೀನರ್, ಅವನ್ ಕ್ಲೀನರ್‌ಗಳಲ್ಲಿ ಇರುವ ಕಾಸ್ಟಿಕ್ ಸೋಡಾ ಇನ್ನೂ ಕೆಟ್ಟದ್ದು, ಅದು ಅಲ್ಯೂಮಿನಿಯಂ ಜೊತೆ ಕುದಿದು ಹೈಡ್ರೋಜನ್ ಅನಿಲ ಬಿಡುತ್ತದೆ. ಕೆಲವು ವೃತ್ತಿಪರ ವೀಲ್ ಕ್ಲೀನರ್‌ಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಅಥವಾ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಅದು ಚರ್ಮದೊಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡಬಲ್ಲದು, ಮೊದಮೊದಲು ನೋವೂ ಗೊತ್ತಾಗದಿರಬಹುದು. ಲೇಬಲ್‌ನಲ್ಲಿ ಆ ಹೆಸರು ಕಂಡರೆ ಅಲ್ಲೇ ವಾಪಸ್ ಇಟ್ಟುಬಿಡಿ.

ಪಾತ್ರೆ ತಿಕ್ಕುವ ಸ್ಟೀಲ್ ಸ್ಕ್ರಬರೂ ಬೇಡ. ಗೀರು ಒಂದು ಕಡೆ, ಉಕ್ಕಿನ ಎಳೆ ಅಲ್ಯೂಮಿನಿಯಂನಲ್ಲಿ ಸಿಕ್ಕಿ ತುಕ್ಕು ಹಿಡಿಯುವುದು ಇನ್ನೊಂದು ಕಡೆ.

ದೊಡ್ಡ ಕೆಲಸಕ್ಕೆ ವೀಲ್ ಬಿಚ್ಚಿ

ಪಾಲಿಶ್, ಸ್ಯಾಂಡಿಂಗ್, ಬಣ್ಣ ಇವಕ್ಕೆಲ್ಲ ವೀಲ್ ಕಾರಲ್ಲೇ ಇದ್ದರೆ ಬೆನ್ನೂ ಹೋಗುತ್ತದೆ, ಕೆಲಸವೂ ಅರೆಬರೆ. ಸಮತಟ್ಟಾದ ಗಟ್ಟಿ ನೆಲ, ಹ್ಯಾಂಡ್ ಬ್ರೇಕ್, ಎದುರು ಬದಿಯ ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಅಥವಾ ಮರದ ತುಂಡು. ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಎತ್ತಿದ ಮೇಲೆ ಕಾರು ಜಾಕ್ ಸ್ಟ್ಯಾಂಡ್ ಮೇಲೆ ಕೂರಲಿ, ಬರೀ ಜಾಕ್ ನಂಬಬೇಡಿ. ಕಾರಿನಡಿಗೆ ತಲೆ ಕೈ ಹಾಕುವುದು ಬೇಡವೇ ಬೇಡ. ಒಂದು ವೀಲ್ ಬಿಚ್ಚಿ ಆ ಜಾಗಕ್ಕೆ ಸ್ಟೆಪ್ನಿ ಹಾಕಿಟ್ಟರೆ ಎರಡು ದಿನದ ಕೆಲಸವೂ ನಿಶ್ಚಿಂತೆಯಾಗಿ ಆಗುತ್ತದೆ.

ಬಿಚ್ಚಿದ ವೀಲ್‌ನ ಹಿಂಭಾಗವನ್ನೂ ನೋಡಿ. ಬಿರುಕು ಕಂಡರೆ, ಅಂಚು ಸೊಟ್ಟಗಿದ್ದರೆ ಅಲ್ಲಿಗೆ ನಿಲ್ಲಿಸಿ. ಬಿರುಕಿಗೆ ಫಿಲ್ಲರ್ ತುಂಬಿ ಬಣ್ಣ ಹೊಡೆಯುವುದೆಂದರೆ ಅಪಾಯವನ್ನು ಮುಚ್ಚಿಟ್ಟ ಹಾಗೆ. ಅದನ್ನು ತಿಳಿದವರಿಗೆ ತೋರಿಸಬೇಕು, ಇಲ್ಲ ಬದಲಿಸಬೇಕು.

ಬರಿ ಅಲ್ಯೂಮಿನಿಯಂಗೆ ಹೊಳಪು ತರುವುದು

ಮೊದಲು ಮೆಟಲ್ ಪಾಲಿಶ್ ಒಂದನ್ನೇ ಪ್ರಯತ್ನಿಸಿ. ಅಂಗೈಯಗಲದ ಜಾಗ ತೆಗೆದುಕೊಳ್ಳಿ, ಸ್ವಲ್ಪ ಪಾಲಿಶ್, ಹತ್ತಿ ಬಟ್ಟೆ, ಒತ್ತಿ ಹಿಡಿದು ಉಜ್ಜುತ್ತಾ ಹೋಗಿ. ಕಪ್ಪು ಬಂದಂತೆಲ್ಲ ಬಟ್ಟೆಯ ಮಗ್ಗುಲು ಬದಲಿಸಿ, ಕೊನೆಗೆ ಸ್ವಚ್ಛ ಮೈಕ್ರೋಫೈಬರ್‌ನಲ್ಲಿ ಒರೆಸಿ. ಮಂಕು ಮಾತ್ರ ಇದ್ದರೆ ಎರಡು ಸುತ್ತಿಗೆ ಮುಖ ಕಾಣಲು ಶುರುವಾಗುತ್ತದೆ. ಡ್ರಿಲ್‌ಗೆ ಹಾಕುವ ಸ್ಪಂಜಿನ ಕೋನ್ ಇದ್ದರೆ ಸ್ಪೋಕ್ ಸಂದಿಯ ಕೆಲಸ ಬೇಗ ಆಗುತ್ತದೆ. ವೇಗ ಕಡಿಮೆ ಇಡಿ, ಒಂದೇ ಕಡೆ ನಿಲ್ಲಿಸಬೇಡಿ.

ಗುಳಿ ಬಿದ್ದಿದ್ದರೆ, ಉಗುರು ಆಡಿಸಿದಾಗ ಒರಟು ತಾಗಿದರೆ, ಪಾಲಿಶ್ ಒಂದರಿಂದ ಆಗದು. ಆಗ ನೀರು ಹಾಕಿ ಸ್ಯಾಂಡಿಂಗ್. ವಾಟರ್ ಪೇಪರ್‌ಗಳನ್ನು ಹತ್ತು ನಿಮಿಷ ಶಾಂಪೂ ಬೆರೆಸಿದ ನೀರಲ್ಲಿ ನೆನೆಹಾಕಿ. 400ರಿಂದ ಶುರು, ಆಮೇಲೆ 600, 800, 1000, 1500, 2000. ಗುಳಿ ಜಾಸ್ತಿ ಇಲ್ಲದಿದ್ದರೆ 800ರಿಂದಲೇ ಹೊರಡಿ, ಸುಮ್ನೆ ಲೋಹ ಸವೆಸುವುದು ಯಾಕೆ?

ಇಲ್ಲಿ ಗುಟ್ಟು ಒಂದೇ. ಪ್ರತಿ ಗ್ರಿಟ್‌ಗೂ ಉಜ್ಜುವ ದಿಕ್ಕು ಬದಲಿಸಿ. 400ರಲ್ಲಿ ಅಡ್ಡ ಉಜ್ಜಿದ್ದರೆ 600ರಲ್ಲಿ ಉದ್ದ. ಅಡ್ಡ ಗೆರೆಗಳೆಲ್ಲ ಮಾಯವಾಗಿ ಬರೀ ಉದ್ದ ಗೆರೆ ಉಳಿದಾಗ ಆ ಗ್ರಿಟ್ ಮುಗಿಯಿತು ಅಂತ ಲೆಕ್ಕ. ಹೀಗೆ ಮಾಡದೆ ಅಂದಾಜಿನಲ್ಲಿ ಮುಂದೆ ಹೋದರೆ 400ರ ಗೀರುಗಳು ಅಡಗಿ ಕೂತಿರುತ್ತವೆ, 2000 ಮುಗಿಸಿ ಪಾಲಿಶ್ ಹಚ್ಚಿ ಬಿಸಿಲಿಗೆ ಹಿಡಿದಾಗ ಒಂದೊಂದೇ ಎದ್ದು ನಗುತ್ತವೆ. ಮತ್ತೆ 400ಕ್ಕೆ ವಾಪಸ್. ಗ್ರಿಟ್ ಬದಲಿಸುವಾಗಲೆಲ್ಲ ವೀಲ್ ತೊಳೆಯಿರಿ, ಬಕೆಟ್ ನೀರು ಚೆಲ್ಲಿ ಹೊಸದು ಹಿಡಿಯಿರಿ. ಹಳೇ ನೀರಿನ ಒಂದು ದಪ್ಪ ಕಣ ಸಾಕು ಕೆಲಸ ಕೆಡಿಸಲು. ಒಣ ಸ್ಯಾಂಡಿಂಗ್ ಮಾಡಬೇಡಿ, ಅಲ್ಯೂಮಿನಿಯಂನ ನುಣ್ಣನೆ ಪುಡಿ ಬೆಂಕಿ ಹಿಡಿಯುವಂಥದ್ದು, ಉಸಿರಿಗೂ ಒಳ್ಳೆಯದಲ್ಲ.

ಒಂದು ವೀಲ್‌ಗೆ ಮೂರು ನಾಲ್ಕು ಗಂಟೆ ಹಿಡಿದರೆ ನೀವು ನಿಧಾನ ಅಂತಲ್ಲ. ಅದು ಅಷ್ಟು ಹೊತ್ತಿನ ಕೆಲಸವೇ.

ಡೈಮಂಡ್ ಕಟ್ ವೀಲ್‌ಗೆ ಇದ್ಯಾವುದೂ ಬೇಡ. ಆ ಸುತ್ತುಗೆರೆಗಳು ಲೇತ್‌ನಲ್ಲಿ ಬಂದಿದ್ದು, ಕೈಯಲ್ಲಿ ಉಜ್ಜಿದರೆ ಅಳಿಸಿ ಹೋಗುತ್ತವೆ, ಮತ್ತೆ ಬೇಕೆಂದರೆ ಲೇತ್‌ಗೇ ಹಾಕಬೇಕು. ಪ್ರತಿ ಸಲವೂ ಲೋಹ ತೆಳುವಾಗುವುದರಿಂದ ಅದನ್ನೂ ಬೇಕಾದಷ್ಟು ಸಲ ಮಾಡಿಸಲಾಗದು. ಕ್ರೋಮ್‌ಗೆ ಸ್ಯಾಂಡ್ ಪೇಪರ್ ಬೇಡ. ಅಲ್ಯೂಮಿನಿಯಂ ಫಾಯಿಲ್ ಮುದುರಿ ನೀರಲ್ಲಿ ಅದ್ದಿ ಮೆಲ್ಲಗೆ ಉಜ್ಜಿದರೆ ಮೇಲಿನ ತುಕ್ಕು ಬಿಡುತ್ತದೆ. ಕ್ರೋಮ್ ಸಿಪ್ಪೆ ಏಳುತ್ತಿದ್ದರೆ ಮನೆ ಮದ್ದಿಲ್ಲ. ಸ್ಟೀಲ್ ವೀಲ್ ಎಲ್ಲಕ್ಕಿಂತ ಸಲೀಸು: ತಂತಿ ಬ್ರಷ್‌ನಲ್ಲಿ ಸಡಿಲ ತುಕ್ಕು ಇಳಿಸಿ, ರಸ್ಟ್ ಕನ್ವರ್ಟರ್ (ಉಳಿದ ತುಕ್ಕನ್ನು ಗಟ್ಟಿ ಪದರವಾಗಿಸುವ ದ್ರವ) ಹಚ್ಚಿ, ಪ್ರೈಮರ್, ಬಣ್ಣ.

ಕ್ಲಿಯರ್ ಕೋಟ್ ಎದ್ದು ಹೋಗಿದ್ದರೆ

ನನ್ನಂತೆ ಕೈಯಾರೆ ಕೆಡಿಸಿದವರಿಗೂ, ಬಿಳಿ ಹುಳುಗೆರೆ ಬಂದವರಿಗೂ ದಾರಿ ಒಂದೇ. ಒಂದೆರಡು ಕಡೆ ಮಾತ್ರ ಹಾಳಾಗಿದ್ದರೆ ಆ ಜಾಗದ ಸುತ್ತ 320ರಲ್ಲಿ ಉಜ್ಜಿ ಬಿಳಿ ಪುಡಿ ಪೂರ್ತಿ ತೆಗೆಯಿರಿ, ಹೊಳೆಯುವ ಲೋಹ ಕಾಣಬೇಕು. ಎಲ್ಲ ಕಡೆ ಎದ್ದಿದ್ದರೆ ಪೇಂಟ್ ರಿಮೂವರ್ ಜೆಲ್ ಹಚ್ಚಿ ಪ್ಲಾಸ್ಟಿಕ್ ಹೊದಿಸಿಡಿ, ಉಬ್ಬಿದ ಬಣ್ಣವನ್ನು ಪ್ಲಾಸ್ಟಿಕ್ ಸ್ಕ್ರೇಪರ್‌ನಲ್ಲಿ ಹೆರೆಯಿರಿ. ಅಲ್ಯೂಮಿನಿಯಂಗೆ ಆಗುವಂಥದ್ದೇ ಎಂದು ಬಾಟಲಿಯಲ್ಲಿ ನೋಡಿ, ಟೈರಿಗೆ ತಾಗಿಸಬೇಡಿ. ಇದನ್ನು ಬಯಲಿನಲ್ಲೇ ಮಾಡಿ. ಮೆಥಿಲೀನ್ ಕ್ಲೋರೈಡ್ ಇರುವ ರಿಮೂವರ್‌ನ ಆವಿ ಕುಡಿದು ಮುಚ್ಚಿದ ಕೋಣೆಯಲ್ಲಿ ಸತ್ತವರಿದ್ದಾರೆ. ಬೆಂಕಿ ಹಿಡಿದು ಬಣ್ಣ ಸುಡುವುದಂತೂ ಮಾಡಲೇಬೇಡಿ. ಅಲಾಯ್ ವೀಲ್‌ನ ಗಟ್ಟಿತನ ಬರುವುದು ಕಾರ್ಖಾನೆಯ ಶಾಖ ಸಂಸ್ಕರಣೆಯಿಂದ, ಸಿಕ್ಕಾಪಟ್ಟೆ ಕಾಯಿಸಿದರೆ ಅದು ಹೋಗುತ್ತದೆ.

ಫುಟ್‌ಪಾತ್ ಅಂಚಿಗೆ ಉಜ್ಜಿ ಆದ ಗೀರುಗಳಿಗೆ ಮೊದಲು ಎದ್ದು ನಿಂತ ಚೂಪು ಲೋಹವನ್ನು ಅರದಿಂದ ಸಮ ಮಾಡಿ, 240ರಿಂದ 400ರವರೆಗೆ ಉಜ್ಜಿ. ತಗ್ಗು ಉಳಿದರೆ ಅಲ್ಯೂಮಿನಿಯಂ ಪುಡಿ ಇರುವ ಎಪಾಕ್ಸಿ ಫಿಲ್ಲರ್ ತೆಳ್ಳಗೆ ತುಂಬಿ, ಆರಿದ ಮೇಲೆ ಮಟ್ಟ ಮಾಡಿ. ಟೈರು ಕೂರುವ ಒಳ ಅಂಚಿಗೆ ಕೈ ಹಾಕಬೇಡಿ, ಗಾಳಿ ಸೋರುತ್ತದೆ.

ಬಣ್ಣಕ್ಕೆ ಮೊದಲು ಟೈರು ಮುಚ್ಚಬೇಕಲ್ಲ, ಅದಕ್ಕೆ ಹಳೇ ಇಸ್ಪೀಟು ಎಲೆಗಳು ಬಹಳ ಒಳ್ಳೆಯವು. ಟೈರು ಮತ್ತು ರಿಮ್ ಸಂದಿಗೆ ಒಂದರ ಪಕ್ಕ ಒಂದು ಸಿಕ್ಕಿಸುತ್ತಾ ಹೋದರೆ ಸುತ್ತ ಬೇಲಿ ಆಗುತ್ತದೆ. ವಾಲ್ವ್‌ಗೆ ಟೇಪ್ ಸುತ್ತಿ. ನಟ್ ಕೂರುವ ಗುಳಿಗಳನ್ನೂ, ಹಿಂದುಗಡೆ ಹಬ್‌ಗೆ (ಕಾರಿನಲ್ಲಿ ವೀಲ್ ಕೂರುವ ತಿರುಗುವ ಭಾಗಕ್ಕೆ) ತಾಗುವ ಮುಖವನ್ನೂ ಮುಚ್ಚಲೇಬೇಕು. ಅಲ್ಲಿ ಬಣ್ಣ ಕೂತರೆ ಓಡಿದಂತೆ ಅದು ಸವೆದು ನಟ್ ಸಡಿಲವಾಗುತ್ತದೆ. ನೋಟಕ್ಕಿಂತ ಇದು ಮುಖ್ಯ.

ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಜಿಡ್ಡು ತೆಗೆಯಿರಿ, ಆಮೇಲೆ ಬರಿ ಬೆರಳಲ್ಲಿ ಮುಟ್ಟಬೇಡಿ. ಬರಿ ಅಲ್ಯೂಮಿನಿಯಂ ಕಾಣುವ ಕಡೆ ಎಚ್ ಪ್ರೈಮರ್ (etch primer, ಲೋಹವನ್ನು ಸ್ವಲ್ಪವೇ ಕೊರೆದು ಹಿಡಿದುಕೊಳ್ಳುವ ಪ್ರೈಮರ್), ಸಾದಾ ಪ್ರೈಮರ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಕ್ಯಾನ್ ಅನ್ನು 20ರಿಂದ 30 ಸೆಂಟಿಮೀಟರ್ ದೂರ ಹಿಡಿದು ಮಂಜು ಬಿದ್ದಷ್ಟು ತೆಳುವಾಗಿ ಹೊಡೆಯಿರಿ, 10ರಿಂದ 15 ನಿಮಿಷ ಬಿಟ್ಟು ಇನ್ನೊಂದು. ಮೊದಲ ಕೋಟಿನಲ್ಲೇ ಪೂರ್ತಿ ಮುಚ್ಚುವ ಆಸೆ ಬಂದರೆ ಬಣ್ಣ ಇಳಿದು ಕಣ್ಣೀರಿನ ಹಾಗೆ ನಿಲ್ಲುತ್ತದೆ, ನನ್ನ ವೀಲ್‌ನ ಒಂದು ಸ್ಪೋಕ್‌ನಲ್ಲಿ ಅದು ಈಗಲೂ ಇದೆ. ಪ್ರೈಮರ್ ಎರಡು, ಬಣ್ಣ ಮೂರು, ಕ್ಲಿಯರ್ ಎರಡು ಮೂರು ಕೋಟ್ ಸಾಕು. ಮಾಸ್ಕ್ ಇರಲಿ. ಒಂದು ದಿನ ಮುಟ್ಟದೆ ಬಿಡಿ, ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕಾಗಬಹುದು, ಅಲ್ಲಿಯವರೆಗೆ ಯಾವ ಕ್ಲೀನರೂ ಬೇಡ.

ಸೀಲೆಂಟ್, ಮತ್ತೆ ಜೋಡಣೆ

ಬಣ್ಣದ ವೀಲ್‌ಗೂ ಬರಿ ಲೋಹಕ್ಕೂ ಕೊನೆಗೆ ವೀಲ್ ಸೀಲೆಂಟ್ ಹಚ್ಚಿ. ಹೊಸ ಬಣ್ಣವಾದರೆ ಅದು ಗಟ್ಟಿಯಾಗುವವರೆಗೆ ಕಾಯಿರಿ. ಕಾರಿನ ಮೈಗೆ ಹಾಕುವ ಮೇಣ ಬ್ರೇಕಿನ ಬಿಸಿಗೆ ಬೇಗ ಹೋಗುತ್ತದೆ, ಸಿಂಥೆಟಿಕ್ ಸೀಲೆಂಟ್ ಎರಡು ಮೂರು ತಿಂಗಳು ಬರುತ್ತದೆ. ಸೆರಾಮಿಕ್ ಕೋಟ್ ಇನ್ನೂ ಜಾಸ್ತಿ. ಪಾಲಿಶ್ ಮಾಡಿದ ಲೋಹದ ಮೇಲೆ ಸ್ಪ್ರೇ ಕ್ಲಿಯರ್ ಕೋಟ್ ಹೊಡೆಯುವ ಆಸೆ ಬರುತ್ತದೆ, ನಾನು ಬೇಡ ಅನ್ನುತ್ತೇನೆ. ಕನ್ನಡಿಯಂಥ ನುಣುಪಿಗೆ ಅದು ಸರಿಯಾಗಿ ಹಿಡಿಯದೆ ಸಿಪ್ಪೆ ಏಳುವುದೇ ಹೆಚ್ಚು. ಪಾಲಿಶ್, ಸೀಲೆಂಟ್, ಟೈರ್ ಹೊಳಪಿನ ಎಣ್ಣೆ ಯಾವುದೂ ಡಿಸ್ಕ್‌ಗೆ ತಾಗಬಾರದು. ಟೈರಿನ ಓಡುವ ಮುಖಕ್ಕೂ ಅಷ್ಟೇ.

ಹಬ್ ಮೇಲಿನ ತುಕ್ಕನ್ನು ತಂತಿ ಬ್ರಷ್‌ನಲ್ಲಿ ಇಳಿಸಿ ವೀಲ್ ಹಾಕಿ. ನಟ್‌ಗಳನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ನಕ್ಷತ್ರ ಬರೆಯುವ ಹಾಗೆ ಒಂದು ಬಿಟ್ಟು ಎದುರಿನದನ್ನು ಬಿಗಿಯುತ್ತಾ ಹೋಗಿ, ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಪಾನಾ) ಕೊನೆಯ ಬಿಗಿತ ಕೊಡಿ. ಅಂಕಿ ನಿಮ್ಮ ಕಾರಿನ ಕೈಪಿಡಿಯಲ್ಲಿ ಇರುತ್ತದೆ, ಅದನ್ನೇ ಹಿಡಿಯಿರಿ. ನಟ್‌ನ ಒಳಗಿನ ತಿರುಪು ಗೆರೆಗಳಿಗೆ (ಥ್ರೆಡ್‌ಗೆ) ಗ್ರೀಸ್ ಹಚ್ಚಬೇಡಿ, ಅದೇ ಅಂಕಿಗೆ ನಟ್ ಬೇಕಾದ್ದಕ್ಕಿಂತ ಜಾಸ್ತಿ ಬಿಗಿಯಾಗಿಬಿಡುತ್ತದೆ. ಹೊರಟ ಮೇಲೆ ಮೊದಲು ಮೆಲ್ಲಗೆ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ ಡಿಸ್ಕ್‌ನ ನೀರು ಆರಿಸಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್‌ಗಳನ್ನು ಇನ್ನೊಮ್ಮೆ ಅದೇ ಟಾರ್ಕ್‌ಗೆ ನೋಡಿ, ವೀಲ್ ತಣ್ಣಗಿರುವಾಗ.